ಪುನರ್ರಚನೆಯ ಕಾಲ ಮತ್ತು ಡು ಬಾಯ್ಸರ ಇತಿಹಾಸದೃಷ್ಟಿ

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಇತಿಹಾಸದ ಸಂಧಿಕಾಲಗಳನ್ನು ಹೆಸರಿಸುವಾಗ ೧೭೭೬ ಮತ್ತು ೧೮೬೧ ತಾವಾಗಿ ನಾಲಗೆಗೆ ಬರುತ್ತವೆ. ೧೮೭೭ ಹಾಗೆ ಬರುವುದಿಲ್ಲ. ಬಂದರೂ, ಬಹುಕಾಲದವರೆಗೆ ಅದು ಅರಾಜಕತೆಯೊಂದು ಕೊನೆಗಂಡ ವರ್ಷವೆಂಬ ಸಮಾಧಾನದ ಧ್ವನಿಯಲ್ಲಿಯೇ ಬರುತ್ತಿದ್ದಿತು. ಅಂತರ್ಯುದ್ಧದ ತರುವಾಯ ಸೋತ ದಕ್ಷಿಣ ಸಂಸ್ಥಾನಗಳಲ್ಲಿ ಹನ್ನೆರಡು ವರ್ಷ ನಡೆದ ‘ಪುನರ್ರಚನೆ’ ಆ ವರ್ಷ ಮುಗಿಯಿತು. ಮುಗಿದುದು ಅನಾಚಾರವೋ, ನಡುದಾರಿಯಲ್ಲಿ ಕೈಬಿಟ್ಟ ನ್ಯಾಯವೋ? ೧೯೩೫ರಲ್ಲಿ ನ್ಯೂಯಾರ್ಕಿನಲ್ಲಿ ಪ್ರಕಟವಾದ, ಏಳುನೂರು ಪುಟಗಳನ್ನು ಮೀರಿದ, ಡಬ್ಲ್ಯೂ. ಇ. ಬಿ. ಡು ಬಾಯ್ಸ್ ಅವರ ‘ಬ್ಲ್ಯಾಕ್ ರಿಕನ್‌ಸ್ಟ್ರಕ್ಷನ್ ಇನ್ ಅಮೆರಿಕ’ ಎಂಬ ಗ್ರಂಥ ಈ ಒಂದು ಪ್ರಶ್ನೆಯ ಸುತ್ತ ಕಟ್ಟಿದುದು.

ಘಟನೆಗಳಲ್ಲಿ ವಿವಾದವಿಲ್ಲ. ೧೮೬೩ರ ಜನವರಿ ೧ರಂದು ಲಿಂಕನ್ನರ ವಿಮೋಚನಾ ಘೋಷಣೆ, ೧೮೬೫ರಲ್ಲಿ ದಾಸ್ಯವನ್ನು ರದ್ದುಪಡಿಸಿದ ಹದಿಮೂರನೆಯ ತಿದ್ದುಪಡಿ, ೧೮೬೮ರಲ್ಲಿ ಪೌರತ್ವ, ೧೮೭೦ರಲ್ಲಿ ಮತದಾನದ ಹಕ್ಕು. ಸುಮಾರು ನಾಲ್ವತ್ತು ಲಕ್ಷ ಜನ ಐದಾರು ವರ್ಷಗಳಲ್ಲಿ ಸ್ವತ್ತಿನ ಸ್ಥಿತಿಯಿಂದ ಪ್ರಜೆಗಳ ಸ್ಥಿತಿಗೆ ಏರಿದರು. ೧೮೬೮ರಲ್ಲಿ ದಕ್ಷಿಣ ಕೆರೊಲೈನಾದ ಸಂವಿಧಾನವನ್ನು ರಚಿಸಿದ ಸಭೆಯಲ್ಲಿ ಕರಿಯರೇ ಬಹುಸಂಖ್ಯಾತರಾಗಿದ್ದರು. ಆ ಸಂಸ್ಥಾನದಲ್ಲಿ ಎಲ್ಲರಿಗೂ ತೆರೆದ ಸಾರ್ವಜನಿಕ ಶಾಲೆಯ ವ್ಯವಸ್ಥೆಗೆ ತಳಹದಿ ಬಿದ್ದುದು ಅಲ್ಲಿ. ೧೮೭೦ರಲ್ಲಿ ಮಿಸಿಸಿಪ್ಪಿಯಿಂದ ಹೈರಮ್ ರೆವೆಲ್ಸ್ ಸೆನೆಟ್ಟಿಗೆ ಹೋದರು. ಆಮೇಲೆ ೧೮೭೬ರ ಅಧ್ಯಕ್ಷ ಚುನಾವಣೆ. ಕೆಲವು ಸಂಸ್ಥಾನಗಳ ಮತ ಯಾರದೆಂಬ ಜಗಳ ತಿಂಗಳುಗಟ್ಟಲೆ ನಡೆದು, ಕೊನೆಗೆ ೧೮೫ಕ್ಕೆ ೧೮೪ ಎಂಬ ಒಂದೇ ಮತದ ಅಂತರದಿಂದ ಹೇಸ್ ಅಧ್ಯಕ್ಷರಾದರು. ೧೮೭೭ರ ಏಪ್ರಿಲಿನಲ್ಲಿ ದಕ್ಷಿಣದ ಶಾಸನಸಭಾ ಭವನಗಳಿಗೆ ಕಾವಲಿದ್ದ ಕೇಂದ್ರದ ಸೈನಿಕರು ಹಿಂದಿರುಗಿದರು. ಹಿಂದಿರುಗಿದ ಸೈನ್ಯ ದೊಡ್ಡದೇನಲ್ಲ. ಆದರೆ ಅದರೊಡನೆ ಹೊರಟುಹೋದ ರಕ್ಷಣೆ ಮತ್ತೆ ಬರಲು ೧೯೬೪ ಮತ್ತು ೧೯೬೫ರ ಶಾಸನಗಳವರೆಗೆ ಕಾಯಬೇಕಾಯಿತು.

ಈ ಕಥೆಯನ್ನು ವಿದ್ವಾಂಸರು ಹೇಗೆ ಬರೆದರು ಎಂಬಲ್ಲಿ ಡು ಬಾಯ್ಸರ ಹೋರಾಟ ಮೊದಲಾಗುತ್ತದೆ. ಕೊಲಂಬಿಯಾ ವಿಶ್ವವಿದ್ಯಾನಿಲಯದ ವಿಲಿಯಂ ಡನ್ನಿಂಗ್ ಮತ್ತು ಅವರ ಶಿಷ್ಯರು ಸಂಸ್ಥಾನಕ್ಕೊಂದರಂತೆ ಗ್ರಂಥಗಳನ್ನು ರಚಿಸಿದರು. ದಾಖಲೆಗಳನ್ನು ಅವರು ಶ್ರಮವಹಿಸಿ ಶೋಧಿಸಿದರೆಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೆ ಕರಿಯನಿಗೆ ಆಳುವ ಯೋಗ್ಯತೆಯಿಲ್ಲ ಎಂಬುದು ಅವರಲ್ಲಿ ಶೋಧನೆಯಿಂದ ಹೊರಟ ತೀರ್ಮಾನವಲ್ಲ, ಶೋಧನೆಗೆ ಮುಂಚೆಯೇ ಒಪ್ಪಿಕೊಂಡ ಗೃಹೀತ. ಪೀಠದಿಂದ ಇಳಿದ ಈ ಗೃಹೀತ ೧೯೧೫ರಲ್ಲಿ ‘ದಿ ಬರ್ತ್ ಆಫ್ ಎ ನೇಷನ್’ ಚಲನಚಿತ್ರದ ಮೂಲಕ ಜನಸಾಮಾನ್ಯರ ಕಣ್ಣಿಗೂ ಕಟ್ಟಿತು. ಅಧ್ಯಕ್ಷ ವಿಲ್ಸನ್ನರ ಶ್ವೇತಭವನದಲ್ಲಿಯೂ ಆ ಚಿತ್ರ ಪ್ರದರ್ಶಿತವಾಯಿತು.

ಡು ಬಾಯ್ಸ್ ೧೯೦೯ರಲ್ಲಿಯೇ ಅಮೆರಿಕಾದ ಇತಿಹಾಸಕಾರರ ಸಂಘದ ಮುಂದೆ ಪುನರ್ರಚನೆಯಿಂದಾದ ಲಾಭಗಳನ್ನು ಕುರಿತು ಪ್ರಬಂಧ ಓದಿದ್ದರು. ಮರುವರ್ಷ ಅದು ಸಂಘದ ಪತ್ರಿಕೆಯಲ್ಲಿ ಅಚ್ಚಾಗುವಾಗ ‘ನೀಗ್ರೋ’ ಶಬ್ದದ ಮೊದಲಕ್ಷರವನ್ನು ದೊಡ್ಡದಾಗಿ ಮುದ್ರಿಸಬೇಕೆಂದು ಅವರು ಕೇಳಿಕೊಂಡರು, ಸಂಪಾದಕರು ಒಪ್ಪಲಿಲ್ಲ. ದೊಡ್ಡಕ್ಷರ ಚಿಕ್ಕಕ್ಷರಗಳ ಭೇದವೇ ಇಲ್ಲದ ಕನ್ನಡದಂಥ ಲಿಪಿಯಲ್ಲಿ ಓದುಬರಹ ಕಲಿತವರಿಗೆ ಇದು ಕ್ಷುಲ್ಲಕವೆಂದು ತೋರಬಹುದು. ಜನಾಂಗವೊಂದರ ಹೆಸರು ಅಂಕಿತನಾಮವೋ ಅಲ್ಲವೋ ಎಂಬ ವ್ಯಾಜ್ಯವದು. ಇಪ್ಪತ್ತೈದು ವರ್ಷಗಳ ಮೇಲೆ ಬಂದ ಗ್ರಂಥದ ಆರಂಭದಲ್ಲಿ, ಕರಿಯರು ಸಾಮಾನ್ಯ ಮನುಷ್ಯರೆಂದು ಭಾವಿಸಿ ಈ ಕಥೆಯನ್ನು ಹೇಳುವುದಾಗಿಯೂ, ಹಾಗೆ ಭಾವಿಸದವರನ್ನು ಒಪ್ಪಿಸುವ ಆಸೆ ತಮಗಿಲ್ಲವೆಂದೂ ಅವರು ಸೂಚಿಸುತ್ತಾರೆ. ತನ್ನ ಗೃಹೀತವನ್ನು ಹೀಗೆ ಬಾಗಿಲಲ್ಲಿಯೇ ಹೇಳಿಬಿಡುವುದು ಡನ್ನಿಂಗ್ ಪಂಥದವರು ತೋರದ ಪ್ರಾಮಾಣಿಕತೆ.

ಗ್ರಂಥದ ಅತ್ಯಂತ ಪ್ರಸಿದ್ಧವಾದ ವಾದ ‘ಸಾರ್ವತ್ರಿಕ ಮುಷ್ಕರ’ದ್ದು. ೧೮೬೧ರ ಮೇ ತಿಂಗಳಲ್ಲಿ ವರ್ಜೀನಿಯಾದ ಮನ್ರೋ ಕೋಟೆಗೆ ಮೂವರು ಗುಲಾಮರು ಓಡಿಬಂದರು. ಸೇನಾಧಿಪತಿ ಬಟ್ಲರ್ ಅವರನ್ನು ಹಿಂದಿರುಗಿಸಲಿಲ್ಲ; ಯುದ್ಧದಲ್ಲಿ ವಶಪಡಿಸಿಕೊಳ್ಳಬಹುದಾದ ಶತ್ರುವಿನ ಸ್ವತ್ತು ಅವರೆಂದನು. ಸ್ವತ್ತೆಂದು ಕರೆಸಿಕೊಂಡೇ ಸ್ವಾತಂತ್ರ್ಯದ ಹೊಸ್ತಿಲು ದಾಟಿದರು ಆ ಮೂವರು! ಅವರ ಹಿಂದೆ ಸಾವಿರ ಸಾವಿರ ಜನ ಬಂದರು. ತೋಟಗಳ ದುಡಿಮೆ ಕುಸಿಯಿತು. ಸುಮಾರು ೧,೮೦,೦೦೦ ಕರಿಯರು ಉತ್ತರದ ಸೈನಿಕರಾದರು. ದಾಸ್ಯವನ್ನು ಮುಟ್ಟದೆ ಒಕ್ಕೂಟವನ್ನು ಉಳಿಸಿಕೊಳ್ಳುವ ಯುದ್ಧ ಹೀಗೆ ದಾಸ್ಯವನ್ನು ಅಳಿಸುವ ಯುದ್ಧವಾಯಿತೆಂದೂ, ತಿರುವನ್ನು ತಂದವರು ಗುಲಾಮರೇ ಎಂದೂ ಡು ಬಾಯ್ಸರ ಸಿದ್ಧಾಂತ. ಇದರ ಸಾರವನ್ನು ಇಂದು ಅಲ್ಲಗಳೆಯುವವರು ವಿರಳ. ‘ಮುಷ್ಕರ’ವೆಂಬ ಹೆಸರು ಮಾತ್ರ ವಸ್ತುವಿಗೆ ಸರಿಯಾಗಿ ಕೂರುವುದಿಲ್ಲ. ಮುಷ್ಕರದಲ್ಲಿ ಕೂಡಿ ಮಾಡಿದ ನಿರ್ಧಾರವಿರುತ್ತದೆ, ಬೇಡಿಕೆಯಿರುತ್ತದೆ. ಕತ್ತಲಲ್ಲಿ ಕೂಸನ್ನು ಎತ್ತಿಕೊಂಡು ಜೌಗುನೆಲ ದಾಟಿದ ತಾಯಿಯ ಧೈರ್ಯ ಬೇರೆ ಜಾತಿಯದು. ಕಾರ್ಖಾನೆಯ ಪರಿಭಾಷೆ ಅವಳನ್ನು ದೊಡ್ಡವಳನ್ನಾಗಿ ಮಾಡುವುದಿಲ್ಲ. ದಕ್ಷಿಣ ಕೆರೊಲೈನಾದ ಅಧ್ಯಾಯಕ್ಕೂ ಶ್ರಮಿಕವರ್ಗದ ಸರ್ವಾಧಿಕಾರವೆಂಬ ಹೆಸರನ್ನೇ ಮೊದಲು ಇಟ್ಟಿದ್ದು, ಆಕ್ಷೇಪ ಬಂದುದರಿಂದ ಬದಲಿಸಿದುದಾಗಿ ಅವರೇ ಅಡಿಟಿಪ್ಪಣಿಯಲ್ಲಿ ಹೇಳಿದ್ದಾರೆ. ಆ ಆಕ್ಷೇಪ ಎತ್ತಿದವರು ಗ್ರಂಥಕ್ಕೆ ಉಪಕಾರ ಮಾಡಿದರು.

ಮಾರ್ಕ್ಸನ ಪರಿಭಾಷೆ ಎಲ್ಲೆಡೆ ಹೀಗೆ ಎಳೆದು ಹೊದಿಸಿದ್ದಲ್ಲ. ಬಡ ಬಿಳಿಯ ಕೂಲಿಗಾರ ತನ್ನಷ್ಟೇ ಬಡವನಾದ ಕರಿಯನೊಡನೆ ಏಕೆ ಕೂಡಲಿಲ್ಲ ಎಂಬ ಪ್ರಶ್ನೆಯಲ್ಲಿ ಅದು ಫಲ ಕೊಟ್ಟಿದೆ. ಕೈಗೆ ಬರುವ ಕೂಲಿ ಕಡಿಮೆಯಾದರೂ ಬಿಳಿಯನಿಗೆ ಮತ್ತೊಂದು ಕೂಲಿ ಸಲ್ಲುತ್ತಿತ್ತು: ಬೀದಿಯಲ್ಲಿ ಮರ್ಯಾದೆ, ಉದ್ಯಾನದಲ್ಲಿ ಪ್ರವೇಶ, ಒಳ್ಳೆಯ ಶಾಲೆ, ತನ್ನವರೇ ಆದ ಪೊಲೀಸರು. ಈ ಮಾನದ ಕೂಲಿಗಾಗಿ ಅವನು ಹೊಟ್ಟೆಯ ಕೂಲಿಯನ್ನು ಬಿಟ್ಟುಕೊಟ್ಟನು. ಗ್ರಂಥದಲ್ಲಿ ಇದಕ್ಕಿಂತ ಆಳವಾದ ಮಾತು ಇನ್ನೊಂದಿಲ್ಲ. ಜಾತಿಶ್ರೇಣಿಯನ್ನು ಬಲ್ಲ ಭಾರತೀಯ ವಾಚಕನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಭೂಮಿಯ ಪ್ರಶ್ನೆಯಲ್ಲಿಯೂ ಅವರ ದೃಷ್ಟಿ ಖಚಿತ. ೧೮೬೫ರ ಜನವರಿಯಲ್ಲಿ ಸೇನಾಧಿಪತಿ ಶರ್ಮನ್ನನ ಆಜ್ಞೆಯಂತೆ ಕರಾವಳಿಯಲ್ಲಿ ಕುಟುಂಬಕ್ಕೆ ನಾಲ್ವತ್ತು ಎಕರೆಗಳವರೆಗೆ ಗೊತ್ತುಮಾಡಿದ ನೆಲವನ್ನು ಅದೇ ವರ್ಷ ಅಧ್ಯಕ್ಷ ಜಾನ್ಸನ್ ಹಳೆಯ ಒಡೆಯರಿಗೆ ಮರಳಿಸತೊಡಗಿದನು. ನೆಲವಿಲ್ಲದವನ ಮತ ಎಷ್ಟು ದಿನ ಬಾಳೀತು? ಆ ಲೆಕ್ಕದಲ್ಲಿ ೧೮೭೭ರ ತಿರುವು ೧೮೬೫ರಲ್ಲಿಯೇ ಅರ್ಧ ಆಗಿಹೋಗಿತ್ತು.

ಮೂಲ ಕಡತಗಳ ಶೋಧನೆ ಗ್ರಂಥದಲ್ಲಿ ತೆಳು. ಅಚ್ಚಾದ ಸರ್ಕಾರಿ ವರದಿಗಳನ್ನೂ ಇತರರ ಗ್ರಂಥಗಳನ್ನೂ ಅವಲಂಬಿಸಿ, ಪುಟಗಟ್ಟಲೆ ಉದ್ಧರಣೆಗಳನ್ನು ಪೋಣಿಸಲಾಗಿದೆ. ದಕ್ಷಿಣದ ಪತ್ರಾಗಾರಗಳು ಕರಿಯ ವಿದ್ವಾಂಸನನ್ನು ಹೇಗೆ ಬರಮಾಡಿಕೊಳ್ಳುತ್ತಿದ್ದವೆಂಬುದನ್ನು ನೆನೆದರೆ ದೋಷದ ಕಾರಣ ತಿಳಿಯುತ್ತದೆ, ದೋಷ ಉಳಿಯುತ್ತದೆ. ಕೊನೆಯ ಅಧ್ಯಾಯ ಇತಿಹಾಸವಲ್ಲ, ಇತಿಹಾಸಕಾರರ ಮೇಲಿನ ಆರೋಪಪತ್ರ. ಶಾಲೆಯ ಪಠ್ಯಪುಸ್ತಕಗಳಿಂದ ಹಿಡಿದು ಡನ್ನಿಂಗರವರೆಗೆ ಒಬ್ಬರನ್ನೂ ಬಿಟ್ಟಿಲ್ಲ. ಗ್ರಂಥಋಣದ ಪಟ್ಟಿಯನ್ನೂ ಲೇಖಕರ ಪಕ್ಷಪಾತಕ್ಕೆ ಅನುಸಾರವಾಗಿ ವಿಂಗಡಿಸಿ, ಪ್ರಮಾಣಗ್ರಂಥಗಳೆನಿಸಿದವನ್ನೇ ಕರಿಯರ ವಿರೋಧಿಗಳೆಂಬ ವರ್ಗಕ್ಕೆ ಸೇರಿಸಿದ್ದಾರೆ. ಇದು ಶೋಧಕನ ಸಮಚಿತ್ತವಲ್ಲವೆಂದು ಹೇಳುವುದು ಸುಲಭ. ಆದರೆ ಅವರ ಪ್ರಬಂಧವನ್ನು ಮುದ್ರಿಸಿದ್ದ ಅದೇ ಪತ್ರಿಕೆ ಈ ಗ್ರಂಥ ಹೊರಬಂದಾಗ ಅದರ ವಿಮರ್ಶೆಯನ್ನೇ ಪ್ರಕಟಿಸಲಿಲ್ಲ. ಸಮಚಿತ್ತದ ಪಾಠವನ್ನು ಯಾರಿಗೆ ಹೇಳಬೇಕು? ಎರಿಕ್ ಫೋನರ್ ೧೯೮೮ರಲ್ಲಿ ಅದೇ ಕಾಲವನ್ನು ಪೂರ್ಣವಾಗಿ ಪರಿಶೋಧಿಸಿ ಬರೆದಾಗ, ಕಡತಗಳು ಬಹುಮಟ್ಟಿಗೆ ಡು ಬಾಯ್ಸರ ಕಡೆಯೇ ಸಾಕ್ಷಿ ನುಡಿದವು.

ಭಾರತಕ್ಕೂ ಈ ಕಥೆಗೂ ಹಳೆಯ ನಂಟಿದೆ. ಪುಣೆಯ ಜೋತಿಬಾ ಫುಲೆಯವರು ೧೮೭೩ರಲ್ಲಿ ‘ಗುಲಾಮಗಿರಿ’ಯನ್ನು ದಾಸ್ಯವಿಮೋಚನೆಗಾಗಿ ದುಡಿದ ಅಮೆರಿಕಾದ ಸಜ್ಜನರಿಗೆ ಅರ್ಪಿಸಿದರು, ಆಗ ಪುನರ್ರಚನೆಗೆ ಇನ್ನು ನಾಲ್ಕು ವರ್ಷದ ಆಯುಸ್ಸು ಉಳಿದಿತ್ತು. ಅಂಬೇಡ್ಕರ್ ೧೯೧೩ರಿಂದ ೧೯೧೬ರವರೆಗೆ ಕೊಲಂಬಿಯಾದಲ್ಲಿ ವ್ಯಾಸಂಗ ಮಾಡಿದಾಗ ಡನ್ನಿಂಗ್ ಅಲ್ಲಿಯೇ ಪ್ರಾಧ್ಯಾಪಕರು. ಆದರೆ ೧೯೪೬ರಲ್ಲಿ, ಅಮೆರಿಕಾದ ಕರಿಯರು ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿ ಬೇಕೆಂದು ಅಂಬೇಡ್ಕರ್ ಪತ್ರ ಬರೆದುದು ಡು ಬಾಯ್ಸರಿಗೆ. ಡು ಬಾಯ್ಸ್ ಉತ್ತರವನ್ನೂ ಬರೆದರು.