‘ಈಸ್’ ಎಂದರೆ ‘ಇದೆ’ ಅಲ್ಲ

ಪತ್ರಿಕೆಗಳಲ್ಲಿ ಬರುವ ‘ಕಾಣೆಯಾಗಿದ್ದಾರೆ’ ಪ್ರಕಟಣೆಯ ಒಕ್ಕಣೆ ಹೀಗಿರುತ್ತದೆ: ಎತ್ತರ ಐದೂವರೆ ಅಡಿ, ಕೋಲುಮುಖ, ಎಣ್ಣೆಗೆಂಪು ಮೈಬಣ್ಣ, ಸಾಧಾರಣ ಮೈಕಟ್ಟು. ಆಳಿನ ಚಹರೆ ಪೂರ್ತಿ ಕಣ್ಣಿಗೆ ಕಟ್ಟುತ್ತದೆ, ಆದರೆ ಕ್ರಿಯಾಪದ ಒಂದೂ ಇಲ್ಲ. ಇದು ಪೊಲೀಸ್ ಠಾಣೆಯ ಸಂಕ್ಷಿಪ್ತ ಭಾಷೆಯಷ್ಟೇ ಅಲ್ಲ. ಆಡುಮಾತಿನಲ್ಲೂ ‘ಅಣ್ಣ ಎತ್ತರ, ತಮ್ಮ ಕುಳ್ಳ’ ಎಂದರೆ ಮಾತು ಮುಗಿಯಿತು. ಇದೇ ಚಹರೆಯನ್ನು ಇಂಗ್ಲಿಷಿನಲ್ಲಿ ಪೂರ್ಣ ವಾಕ್ಯಗಳಾಗಿ ಹೇಳಹೊರಟರೆ ಎತ್ತರಕ್ಕೆ ‘ಈಸ್’ ಬೇಕು, ಮುಖಕ್ಕೂ ಮೈಬಣ್ಣಕ್ಕೂ ‘ಹ್ಯಾಸ್’ ಬೇಕು, ನೋಡಿದವರಿಗೆ ಹೇಗೆ ಕಾಣುತ್ತಾನೆ ಎನ್ನಲು ‘ಲುಕ್ಸ್’ ಬೇಕು. ಇವುಗಳಲ್ಲಿ ‘ಈಸ್’, ‘ಲುಕ್ಸ್’ ಎರಡೂ ವ್ಯಕ್ತಿಯನ್ನೂ ಅವನ ಲಕ್ಷಣವನ್ನೂ ಬೆಸೆಯುವ ಪದಗಳು. ಇಂಗ್ಲಿಷ್ ವ್ಯಾಕರಣದಲ್ಲಿ ಇವಕ್ಕೆ ಲಿಂಕಿಂಗ್ ವರ್ಬ್ ಎಂದು ಹೆಸರು. ಕನ್ನಡ ಮಾಧ್ಯಮದಲ್ಲಿ ಓದಿದವರು ‘ಶಿ ಟಾಲ್’, ‘ಶಿ ಈಸ್ ಹ್ಯಾವಿಂಗ್ ಲಾಂಗ್ ಹೇರ್’, ‘ಶಿ ಲುಕ್ಸ್ ಬ್ಯೂಟಿಫುಲಿ’ ಎಂದು ತಡವರಿಸುವುದು ಇಲ್ಲಿಯೇ. ಈ ತಪ್ಪುಗಳಿಗೆ ಮಕ್ಕಳ ಅಸಡ್ಡೆ ಕಾರಣವಲ್ಲ. ಅವರ ಬಾಯಲ್ಲಿರುವ ಕನ್ನಡದ ವಾಕ್ಯ ಹೇಗೆ ಕಟ್ಟಿಕೊಂಡಿದೆ ಎಂಬುದನ್ನು ನೋಡದೆ ಇಂಗ್ಲಿಷ್ ಕಲಿಸುವ ನಮ್ಮ ಪದ್ಧತಿ ಕಾರಣ ಎಂಬುದು ನನ್ನ ವಾದ.

‘ಈಸ್ ಎಂದರೆ ಇದೆ, ಇದ್ದಾನೆ, ಇದ್ದಾಳೆ’ ಎಂದು ಬಾಯಿಪಾಠ ಮಾಡಿಸುವುದು ನಮ್ಮಲ್ಲಿ ಹಳೆಯ ರೂಢಿ. ಅದರ ಜೊತೆಗೆ ‘ಈಸ್’, ‘ಆಮ್’, ‘ಆರ್’ಗಳನ್ನು ಸಹಾಯಕ ಕ್ರಿಯಾಪದಗಳ ಪಟ್ಟಿಗೆ ಸೇರಿಸಿ ಬಿಡುತ್ತಾರೆ. ಎರಡೂ ಅರ್ಧ ಸತ್ಯ. ‘ಶಿ ಈಸ್ ಟಾಲ್’ ಎಂಬಲ್ಲಿ ‘ಈಸ್’ ಯಾವ ಕ್ರಿಯಾಪದಕ್ಕೆ ಸಹಾಯ ಮಾಡುತ್ತಿದೆ? ಅಲ್ಲಿ ಬೇರೆ ಕ್ರಿಯಾಪದವೇ ಇಲ್ಲ. ಅದೇ ಮುಖ್ಯ ಕ್ರಿಯಾಪದ. ಇನ್ನು ‘ಇದೆ’ ಎಂಬ ಅರ್ಥ ‘ಪುಸ್ತಕ ಮೇಜಿನ ಮೇಲಿದೆ’ ಎಂಬಲ್ಲಿ ಸರಿಹೊಂದುತ್ತದೆ, ‘ಅವರು ಮೇಷ್ಟ್ರು’ ಎಂಬಲ್ಲಿ ಹೊಂದುವುದಿಲ್ಲ. ಈ ವ್ಯತ್ಯಾಸ ಮಗುವಿಗೆ ಹೊಸದಲ್ಲ. ‘ಅವರು ಮೇಷ್ಟ್ರಲ್ಲ’ ಎನ್ನುವ ಬಾಯಿಯೇ ‘ಅವರು ಮನೆಯಲ್ಲಿಲ್ಲ’ ಎನ್ನುತ್ತದೆ. ಅಲ್ಲ, ಇಲ್ಲಗಳನ್ನು ಯಾರೂ ಕಲಿಸದೆಯೇ ಬೇರೆ ಬೇರೆ ಇಡುತ್ತದೆ. ಇನ್ನೊಂದು ಕುರುಹೂ ಕನ್ನಡದಲ್ಲಿದೆ. ‘ಚಿಕ್ಕ ಹುಡುಗಿ’ ಎನ್ನುತ್ತೇವೆ, ಆದರೆ ‘ಅವಳು ಚಿಕ್ಕ’ ಎನ್ನುವುದಿಲ್ಲ, ‘ಅವಳು ಚಿಕ್ಕವಳು’ ಎನ್ನುತ್ತೇವೆ. ಗುಣವನ್ನು ವ್ಯಕ್ತಿಗೆ ಬೆಸೆಯುವ ಕೆಲಸವನ್ನು ಪದದ ಕೊನೆಯ ‘ಅವಳು’ ಇಲ್ಲಿ ಮಾಡಿ ಮುಗಿಸಿದೆ. ಇಂಗ್ಲಿಷಿನ ಗುಣವಾಚಕಕ್ಕೆ ಇಂಥ ಪ್ರತ್ಯಯ ಹತ್ತುವುದಿಲ್ಲ, ಆದ್ದರಿಂದ ಅಲ್ಲಿ ‘ಈಸ್’ ಬೇಕೇ ಬೇಕು. ಇಷ್ಟನ್ನು ತೋರಿಸಿಕೊಟ್ಟರೆ ‘ಶಿ ಸ್ಮಾಲ್’ ಏಕೆ ನಿಲ್ಲುವುದಿಲ್ಲ ಎಂಬುದು ಹತ್ತು ವರ್ಷದ ಮಗುವಿಗೂ ಅರ್ಥವಾಗುತ್ತದೆ.

ಎರಡನೆಯ ತೊಡಕು ‘ಹ್ಯಾಸ್’ನದು. ‘ಅವಳಿಗೆ ಉದ್ದ ಜಡೆ ಇದೆ’ ಎಂಬ ವಾಕ್ಯದಲ್ಲಿ ‘ಇದೆ’ ಕಂಡ ಕೂಡಲೆ ಬಾಯಿಪಾಠದ ಪ್ರಕಾರ ‘ಈಸ್’ ಬರುತ್ತದೆ. ಜಡೆ ಅವಳದು ಎನ್ನಬೇಕಾದ್ದರಿಂದ ‘ಹ್ಯಾವ್’ ಕೂಡ ಬೇಕೆನಿಸುತ್ತದೆ. ಎರಡೂ ಸೇರಿ ‘ಶಿ ಈಸ್ ಹ್ಯಾವಿಂಗ್’ ಎಂದಾಗುತ್ತದೆ. ಇಲ್ಲಿ ನೋಡಬೇಕಾದ್ದು ಕ್ರಿಯಾಪದವನ್ನಲ್ಲ, ಕರ್ತೃವಿನ ವಿಭಕ್ತಿಯನ್ನು. ಚಹರೆ ಹೇಳುವಾಗ ಕನ್ನಡದಲ್ಲಿ ‘ಅವಳು’ ಎಂದು ಶುರುವಾದರೆ ಸಾಮಾನ್ಯವಾಗಿ ‘ಈಸ್’, ‘ಅವಳಿಗೆ’ ಎಂದು ಶುರುವಾದರೆ ‘ಹ್ಯಾಸ್’: ಅವಳು ಎತ್ತರ, ಶಿ ಈಸ್ ಟಾಲ್, ಅವಳಿಗೆ ಉದ್ದ ಕೂದಲು, ಶಿ ಹ್ಯಾಸ್ ಲಾಂಗ್ ಹೇರ್. ವಯಸ್ಸು, ಹಸಿವುಗಳ ವಿಷಯದಲ್ಲಿ ಈ ಸೂತ್ರ ನಡೆಯುವುದಿಲ್ಲ. ‘ಅವಳಿಗೆ ಹತ್ತು ವರ್ಷ’ ಎಂಬುದಕ್ಕೆ ಇಂಗ್ಲಿಷಿನಲ್ಲಿ ‘ಈಸ್’ ಬರುತ್ತದೆ. ಆದರೆ ಕೂದಲು, ಕಣ್ಣು, ಗಡ್ಡ, ಮಚ್ಚೆಗಳಂಥ ಮೈಮೇಲಿನ ಗುರುತುಗಳ ಮಟ್ಟಿಗೆ ಇದನ್ನು ನಂಬಬಹುದು.

ಮೂರನೆಯದು ‘ಲುಕ್ಸ್’. ಇಲ್ಲಿ ಕನ್ನಡದ ‘ಆಗಿ’ ಎಂಬ ಪ್ರತ್ಯಯ ಎರಡು ಕೆಲಸ ಮಾಡುತ್ತದೆ. ‘ಚೆನ್ನಾಗಿ ಹಾಡುತ್ತಾಳೆ’ ಎಂಬಲ್ಲಿ ಅದು ಹಾಡುವ ರೀತಿಯನ್ನು ಹೇಳುತ್ತದೆ, ‘ಚೆನ್ನಾಗಿ ಕಾಣುತ್ತಾಳೆ’ ಎಂಬಲ್ಲಿ ಅವಳ ರೂಪವನ್ನು ಹೇಳುತ್ತದೆ. ಇಂಗ್ಲಿಷ್ ಇವೆರಡನ್ನೂ ಬೇರ್ಪಡಿಸುತ್ತದೆ: ಹಾಡಿಗೆ ‘ಬ್ಯೂಟಿಫುಲಿ’, ರೂಪಕ್ಕೆ ಬರಿಯ ‘ಬ್ಯೂಟಿಫುಲ್’. ‘ಆಗಿ ಎಂದಿದ್ದರೆ ಲಿ ಸೇರಿಸಿ’ ಎಂಬ ಪಾಠ ಕಲಿತವರು ‘ಲುಕ್ಸ್ ಆಂಗ್ರಿಲಿ’ ಎಂದಾಗ ಅರ್ಥವೇ ಬದಲಾಗುತ್ತದೆ. ಸಿಟ್ಟಾದವನಂತೆ ಕಾಣುತ್ತಾನೆ ಎನ್ನುವ ಬದಲು ಸಿಟ್ಟಿನಿಂದ ನೋಡುತ್ತಾನೆ ಎಂದಾಗುತ್ತದೆ. ಇದಕ್ಕೊಂದು ಸುಲಭ ಪರೀಕ್ಷೆಯಿದೆ. ‘ಲುಕ್ಸ್’ ತೆಗೆದು ‘ಈಸ್’ ಹಾಕಿ ನೋಡಬೇಕು. ‘ಹಿ ಈಸ್ ಆಂಗ್ರಿ’ ನಿಲ್ಲುತ್ತದೆ, ‘ಹಿ ಈಸ್ ಆಂಗ್ರಿಲಿ’ ನಿಲ್ಲುವುದಿಲ್ಲ. ‘ಹೇಗಿದ್ದಾಳೆ?’ ಎಂಬ ನಮ್ಮ ಪ್ರಶ್ನೆಯ ಪಾಡೂ ಇದೇ. ಆರೋಗ್ಯ, ಸ್ವಭಾವ, ರೂಪ ಮೂರನ್ನೂ ನಾವು ಆ ಒಂದೇ ಪ್ರಶ್ನೆಯಲ್ಲಿ ವಿಚಾರಿಸುತ್ತೇವೆ. ಇಂಗ್ಲಿಷಿನಲ್ಲಿ ‘ಹೌ ಈಸ್ ಶಿ’ ಎಂದರೆ ಕ್ಷೇಮಸಮಾಚಾರ, ‘ವಾಟ್ ಈಸ್ ಶಿ ಲೈಕ್’ ಎಂದರೆ ಹೆಚ್ಚಾಗಿ ಸ್ವಭಾವ, ‘ವಾಟ್ ಡಸ್ ಶಿ ಲುಕ್ ಲೈಕ್’ ಎಂದರೆ ಮಾತ್ರ ಚಹರೆ. ‘ತಾಯಿಯ ಹಾಗೇ ಇದ್ದಾಳೆ’ ಎಂಬುದನ್ನು ‘ಶಿ ಈಸ್ ಲೈಕ್ ಹರ್ ಮದರ್’ ಎಂದರೆ ಕೇಳಿದವರು ಮುಖವನ್ನು ಬಿಟ್ಟು ಗುಣವನ್ನು ಊಹಿಸಿಕೊಳ್ಳಬಹುದು.

ಎಲ್ಲ ತಪ್ಪನ್ನೂ ಮಾತೃಭಾಷೆಯ ತಲೆಗೆ ಕಟ್ಟುವುದು ಸರಿಯೇ ಎಂಬ ಆಕ್ಷೇಪ ಇಲ್ಲಿ ಏಳುತ್ತದೆ. ಎರಡು ಭಾಷೆಗಳನ್ನು ಹೋಲಿಸಿದರೆ ಕಲಿಯುವವರ ಕಷ್ಟಗಳನ್ನು ಮುಂಚಿತವಾಗಿ ಹೇಳಬಹುದೆಂದು ರಾಬರ್ಟ್ ಲಾಡೊ 1957ರಲ್ಲಿ ವಾದಿಸಿದರು. ಆ ನಂಬಿಕೆ ಪೂರ್ತಿ ನಿಲ್ಲಲಿಲ್ಲ. ಇಂಗ್ಲಿಷ್ ಮನೆಮಾತಿನ ಪುಟ್ಟ ಮಕ್ಕಳೂ ಮೊದಮೊದಲು ‘ಈಸ್’ ಬಿಟ್ಟೇ ಮಾತಾಡುತ್ತವೆ. ಆದ್ದರಿಂದ ‘ಶಿ ಟಾಲ್’ ಎಂಬುದಕ್ಕೆ ಕನ್ನಡವೊಂದೇ ಕಾರಣವೆಂದು ಹೇಳಲಾಗದು, ಒಪ್ಪಬೇಕಾದ ಮಾತೇ. ಆದರೆ ಆ ಮಕ್ಕಳು ಉದ್ದ ಕೂದಲಿಗೆ ‘ಈಸ್ ಹ್ಯಾವಿಂಗ್’ ಎನ್ನುವುದಿಲ್ಲ, ಮತ್ತು ಅವರ ತಪ್ಪು ಮನೆಮಾತಿನ ಬಳಕೆಯಲ್ಲೇ ತಿದ್ದಿಹೋಗುತ್ತದೆ. ಕಲಿಯುವವರ ತಪ್ಪು ಅವರ ಮನಸ್ಸಿನಲ್ಲಿ ರೂಪುಗೊಂಡಿರುವ ವ್ಯವಸ್ಥೆಯನ್ನು ತೋರಿಸುತ್ತದೆಂದು ಪಿಟ್ ಕಾರ್ಡರ್ 1967ರಲ್ಲಿ ಬರೆದರು. ನಮ್ಮ ಮಕ್ಕಳ ತಪ್ಪುಗಳಲ್ಲಿ ಕಾಣುವುದು ನಾವೇ ಕಲಿಸಿದ ಸಮೀಕರಣಗಳ ಫಲ.

ಇನ್ನೊಂದು ಆಕ್ಷೇಪ ಬೆಂಗಳೂರಿನದೇ. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರ ನೇತೃತ್ವದಲ್ಲಿ ನಡೆದ ಬೆಂಗಳೂರು ಪ್ರಾಜೆಕ್ಟ್, ವ್ಯಾಕರಣ ಪಾಠವನ್ನು ಬದಿಗಿಟ್ಟು ಮಕ್ಕಳಿಗೆ ಬಗೆಹರಿಸಬೇಕಾದ ಕೆಲಸಗಳನ್ನು ಕೊಟ್ಟಿತು. ಗಮನ ಅರ್ಥದ ಮೇಲಿದ್ದಾಗ ರೂಪ ತಾನಾಗಿ ಮೈಗೂಡುತ್ತದೆ ಎಂಬುದು ಅದರ ತಿರುಳು. ಪ್ರಪಂಚದ ಭಾಷಾಬೋಧನೆಯ ಚರ್ಚೆಯಲ್ಲಿ ಇಂದಿಗೂ ಹೆಸರು ಉಳಿಸಿಕೊಂಡಿರುವ ಈ ಪ್ರಯೋಗದ ಮೇಲೆ ನನಗೆ ಗೌರವವಿದೆ. ಆದರೆ ಆ ದಾರಿಗೆ ದಿನವೂ ತರಗತಿಯಲ್ಲಿ ಧಾರಾಳವಾಗಿ ಇಂಗ್ಲಿಷ್ ಆಡಬಲ್ಲ ಶಿಕ್ಷಕರು ಬೇಕು. ಕಪ್ಪು ಹಲಗೆಯ ಮೇಲಿನ ನಾಲ್ಕು ಸಾಲೇ ಇಡೀ ದಿನದ ಇಂಗ್ಲಿಷ್ ಆಗಿರುವ ಕಡೆ ಮೈಗೂಡಿಸಿಕೊಳ್ಳಲು ಏನೂ ಇರುವುದಿಲ್ಲ. ಅಂಥ ಮಗುವಿನ ಬಳಿ ಧಾರಾಳವಾಗಿ ಇರುವುದು ಕನ್ನಡ. ಅದನ್ನೇ ಆಸರೆಯಾಗಿ ಬಳಸಬೇಕು.

ನಮ್ಮ ಇಂಗ್ಲಿಷ್ ನಮ್ಮದು, ಇಂಗ್ಲೆಂಡಿನ ಅಳತೆಗೋಲೇಕೆ ಎಂದು ಕೇಳುವವರೂ ಇದ್ದಾರೆ. ಉಚ್ಚಾರಣೆಯ ವಿಷಯದಲ್ಲಿ ಈ ಮಾತನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ‘ಯು ಆರ್ ಲುಕಿಂಗ್ ಸ್ಮಾರ್ಟ್ ಟುಡೇ’ ಎಂಬುದಂತೂ ಎಲ್ಲ ಕಡೆಯೂ ಸಲ್ಲುವ ವಾಕ್ಯ, ಏಕೆಂದರೆ ಅದು ಇವತ್ತಿನ ಮಟ್ಟಿನ ಮಾತು. ಆದರೆ ‘ಈಸ್’ ಬಿಟ್ಟ ವಾಕ್ಯವನ್ನು ಭಾರತೀಯ ಇಂಗ್ಲಿಷ್ ಎಂದು ಯಾರೂ ಸಮರ್ಥಿಸುವುದಿಲ್ಲ. ಸಂದರ್ಶನದಲ್ಲಿ ಅದಕ್ಕೆ ಬೆಲೆ ತೆರುವವನು ಕನ್ನಡ ಮಾಧ್ಯಮದ ಹುಡುಗ. ರೂಢಿಯನ್ನು ಬಿಡುವುದೋ ಹಿಡಿಯುವುದೋ ಎಂಬ ಆಯ್ಕೆ, ಅದು ಗೊತ್ತಿದ್ದವನಿಗೆ ಮಾತ್ರ ಇರುತ್ತದೆ.

ಸಂಸ್ಕೃತ ವ್ಯಾಕರಣದ ಚೌಕಟ್ಟಿನಲ್ಲಿ ಕನ್ನಡವನ್ನು ವಿವರಿಸಹೊರಟರೆ ಕನ್ನಡದ ನಿಜ ಸ್ವರೂಪ ಮರೆಯಾಗುತ್ತದೆ ಎಂದು ಡಿ.ಎನ್. ಶಂಕರ ಭಟ್ ದಶಕಗಳ ಕಾಲ ವಾದಿಸಿದರು. ‘ಈಸ್ ಎಂದರೆ ಇದೆ’ ಎಂಬ ಪಾಠದಲ್ಲಿ ಆ ದೋಷ ಇಮ್ಮಡಿಯಾಗಿದೆ: ಅದು ಇಂಗ್ಲಿಷನ್ನೂ ತಪ್ಪಾಗಿ ತೋರಿಸುತ್ತದೆ, ಕನ್ನಡವನ್ನೂ ತಪ್ಪಾಗಿ ತೋರಿಸುತ್ತದೆ. ಪರಿಹಾರಕ್ಕೆ ಹೊಸ ಕಟ್ಟಡವಾಗಲಿ ಯಂತ್ರವಾಗಲಿ ಬೇಕಿಲ್ಲ. ಪದಪಟ್ಟಿಯ ಬಾಯಿಪಾಠ ಕೈಬಿಟ್ಟು, ಅಲ್ಲ–ಇಲ್ಲ, ಅವಳು–ಅವಳಿಗೆ, ಚೆನ್ನಾಗಿ ಹಾಡು–ಚೆನ್ನಾಗಿ ಕಾಣು ಎಂಬ ಮೂರು ಜೋಡಿಗಳನ್ನು ಪಠ್ಯದಲ್ಲೂ ಶಿಕ್ಷಕರ ತರಬೇತಿಯಲ್ಲೂ ಮೊದಲು ಇಡಬೇಕು. ಕನ್ನಡ ಬಲ್ಲ ಶಿಕ್ಷಕರೆಲ್ಲರೂ ಇವನ್ನು ನಾಳೆಯಿಂದಲೇ ಕಲಿಸಬಲ್ಲರು. ಇಂಗ್ಲಿಷ್ ಕಲಿಕೆಗೆ ಕನ್ನಡ ಅಡ್ಡಿ ಎಂಬ ಮಾತನ್ನು ಪೋಷಕರು ನಂಬುತ್ತಿರುವ ಈ ಕಾಲದಲ್ಲಿ, ಕನ್ನಡವನ್ನು ಚೆನ್ನಾಗಿ ಅರಿತ ಮಗುವೇ ‘ಈಸ್’ ಎಲ್ಲಿ ಬೇಕು, ‘ಹ್ಯಾಸ್’ ಎಲ್ಲಿ ಬೇಕು ಎಂದು ಬೇಗ ಹಿಡಿಯಬಲ್ಲದು ಎಂದು ತರಗತಿಯಲ್ಲಿ ತೋರಿಸಿಕೊಡುವುದು ನಮ್ಮ ಇಂಗ್ಲಿಷ್ ಶಿಕ್ಷಕರ ಹೊಣೆ.