ಕೂಸಿಗೆ ಇಪ್ಪತ್ತೊಂದು ದಿನ ತುಂಬುವ ಮೊದಲು

ಸೈಟೊಮೆಗಾಲೊ ವೈರಸ್ (ಸಿಎಂವಿ) ನಮ್ಮಲ್ಲಿ ಹೆಚ್ಚುಕಡಿಮೆ ಎಲ್ಲರ ಮೈಯಲ್ಲೂ ಅಡಗಿ ಕೂತಿದೆ. ಭಾರತದ ಹೆಂಗಸರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಬಸುರಾಗುವ ಮೊದಲೇ ಇದು ತಗುಲಿರುತ್ತದೆ. ಗರ್ಭದಲ್ಲೇ ಕೂಸಿಗೆ ದಾಟಿದರೆ ಕೆಲವು ಮಕ್ಕಳ ಕಿವಿ ಕೆಡುತ್ತದೆ. ಇದಕ್ಕೆ ಬಂದಿರುವ ಹೊಸ ಮದ್ದುಗಳನ್ನು ತೂಗುವಾಗ ಈ ಸಂಗತಿಯನ್ನು ಮರೆಯಬಾರದು.

2017ರಲ್ಲಿ ಲೆಟರ್ಮೊವಿರ್, 2021ರಲ್ಲಿ ಮಾರಿಬಾವಿರ್ ಅಮೆರಿಕದಲ್ಲಿ ಮಂಜೂರಾದವು. ಹಳೆಯ ಗ್ಯಾನ್‌ಸಿಕ್ಲೊವಿರ್‌ನಂತೆ ಇವು ಅಸ್ಥಿಮಜ್ಜೆಯನ್ನು ಕುಗ್ಗಿಸುವುದಿಲ್ಲ. ಮಜ್ಜೆ, ಮೂತ್ರಪಿಂಡ ಕಸಿ ಮಾಡಿಸಿಕೊಂಡವರಿಗೆ ಇವು ನಿಜವಾದ ವರ. ಗರ್ಭಿಣಿಯರ ಮಟ್ಟಿಗೆ ಇಸ್ರೇಲಿನ ವೈದ್ಯರು 2020ರಲ್ಲಿ ಭರವಸೆಯ ಫಲಿತಾಂಶ ಕೊಟ್ಟರು: ದಿನಕ್ಕೆ 8 ಗ್ರಾಂ ವ್ಯಾಲಸಿಕ್ಲೊವಿರ್ ನುಂಗಿದವರಲ್ಲಿ ಕೂಸಿಗೆ ಸೋಂಕು ದಾಟುವ ಪ್ರಮಾಣ ಶೇ 30ರಿಂದ 11ಕ್ಕೆ ಇಳಿಯಿತು. ಆದರೆ ಆ ಪ್ರಯೋಗ ನಡೆದದ್ದು ಗರ್ಭ ನಿಲ್ಲುವ ಆಸುಪಾಸಿನಲ್ಲಿ ಇಲ್ಲವೇ ಬಸುರಿನ ಮೊದಲ ಮೂರು ತಿಂಗಳಲ್ಲಿ ಮೊದಲ ಬಾರಿ ಸೋಂಕು ತಗುಲಿದವರ ಮೇಲೆ. ನಮ್ಮ ತಾಯಂದಿರಲ್ಲಿ ಹೆಚ್ಚಾಗಿ ಕೆರಳುವುದು ಹಳೆಯ ವೈರಸ್, ಇಲ್ಲವೇ ಬಂದು ಸೇರುವುದು ಅದರದೇ ಇನ್ನೊಂದು ತಳಿ. ಲಸಿಕೆಯ ಆಸೆಯೂ ಸದ್ಯಕ್ಕೆ ದೂರ ಸರಿದಿದೆ. ಮಾಡರ್ನಾ ಕಂಪನಿಯ ಎಂಆರ್‌ಎನ್‌ಎ ಲಸಿಕೆ ಕೊನೆಯ ಹಂತದ ಪ್ರಯೋಗದಲ್ಲಿ 2025ರಲ್ಲಿ ಸೋತಿತು.

ಇತ್ತ ನಮ್ಮಲ್ಲಿ ಬಸುರಿಯರಿಗೆ ಬರೆದುಕೊಡುವುದು ‘ಟಾರ್ಚ್ ಟೆಸ್ಟ್’, ಅಂದರೆ ಕೂಸಿಗೆ ದಾಟಬಲ್ಲ ಸಿಎಂವಿಯಂಥ ಸೋಂಕುಗಳಿಗೆ ತಾಯಿಯ ರಕ್ತಪರೀಕ್ಷೆ. ಈ ರೂಢಿಯನ್ನು ನಾನು ಒಪ್ಪುವುದಿಲ್ಲ. ಹಳೆಯ ಸೋಂಕಿನ ಗುರುತಾದ ಐಜಿಜಿ ಪ್ರತಿಕಾಯ ಬಹುತೇಕ ಎಲ್ಲರಲ್ಲೂ ಪಾಸಿಟಿವ್ ಬರುತ್ತದೆ. ಹೊಸ ಸೋಂಕಿನ ಗುರುತೆಂದು ಎಣಿಸುವ ಐಜಿಎಂ ತಿಂಗಳುಗಟ್ಟಲೆ ಉಳಿಯುತ್ತದೆ, ಹಳೆಯ ಸೋಂಕು ಕೆರಳಿದಾಗಲೂ ಏಳುತ್ತದೆ. ಆ ಚೀಟಿ ಹಿಡಿದು ಮನೆಯವರೆಲ್ಲ ಗಾಬರಿಬೀಳುತ್ತಾರೆ; ಗರ್ಭ ತೆಗೆಸುವ ಮಾತೂ ಬರುತ್ತದೆ. ಹೊಟ್ಟೆಯಲ್ಲಿರುವ ಕೂಸಿಗೆ ಸೋಂಕು ತಾಗಿದೆಯೇ ಎಂಬುದು ಮಾತ್ರ ಅದರಿಂದ ತಿಳಿಯುವುದೇ ಇಲ್ಲ.

ತಿಳಿಯುವ ದಾರಿ ಕೂಸಿನ ಮೂತ್ರದಲ್ಲಿ, ಜೊಲ್ಲಿನಲ್ಲಿ ಇದೆ. ಹುಟ್ಟಿದ 21 ದಿನದೊಳಗೆ ಪಿಸಿಆರ್ ಮಾಡಿದರೆ ಗರ್ಭದಲ್ಲೇ ತಗುಲಿದ ಸೋಂಕು ಖಚಿತವಾಗುತ್ತದೆ. ಆಮೇಲೆ ಮಾಡಿದರೆ ಎದೆಹಾಲಿನಿಂದ ಬಂದದ್ದೋ ಹುಟ್ಟಿನಿಂದಲೇ ಇದ್ದದ್ದೋ ಬಿಡಿಸಲಾಗದು. ಜೊಲ್ಲು ತೆಗೆಯುವುದಾದರೆ ಹಾಲೂಡಿಸಿ ಒಂದು ಗಂಟೆ ಕಳೆದಿರಬೇಕು, ಪಾಸಿಟಿವ್ ಬಂದರೆ ಮೂತ್ರದಲ್ಲಿ ಮತ್ತೆ ನೋಡಬೇಕು. ಲಕ್ಷಣಗಳಿರುವ ಕೂಸಿಗೆ ಒಂದು ತಿಂಗಳೊಳಗೆ ವ್ಯಾಲ್‌ಗ್ಯಾನ್‌ಸಿಕ್ಲೊವಿರ್ ಶುರುಮಾಡಿ ಆರು ತಿಂಗಳು ಕೊಟ್ಟರೆ ಕಿವಿಗೂ ಮಾತಿಗೂ ಸ್ವಲ್ಪ ಲಾಭವಿದೆಯೆಂದು 2015ರಲ್ಲಿ ಕಂಡುಬಂತು. ಲಾಭ ಸಾಧಾರಣ, ಬಿಳಿ ರಕ್ತಕಣ ಇಳಿಯುವ ಅಪಾಯವೂ ಉಂಟು, ರಕ್ತಪರೀಕ್ಷೆ ತಪ್ಪಿಸುವಂತಿಲ್ಲ. ಈ ಮದ್ದು ನಮಗೆ ಎಟುಕುವಂತಾದದ್ದು ಹೋರಾಟದಿಂದ: ಎಚ್‌ಐವಿ ಸೋಂಕಿತರ ಸಂಘಟನೆಗಳೂ ದೇಶೀ ಕಂಪನಿಗಳೂ ತಕರಾರು ಎತ್ತಿದ ಮೇಲೆ 2010ರಲ್ಲಿ ಚೆನ್ನೈನ ಪೇಟೆಂಟ್ ಕಚೇರಿ ರೋಶ್ ಕಂಪನಿಯ ಪೇಟೆಂಟನ್ನು ರದ್ದುಮಾಡಿತು.

ತಾಜಸುಲ್ತಾನಪುರದಂಥ, ಕಲಬುರಗಿ ನಗರಕ್ಕೆ ತಾಗಿದ ಊರಿನಲ್ಲಿ 21 ದಿನದೊಳಗೆ ಈ ಪರೀಕ್ಷೆ ಮಾಡಿಸುವುದು ಆಗದ ಕೆಲಸವೇನಲ್ಲ. ಆಸ್ಪತ್ರೆಯಲ್ಲಿ ಹೆರಿಗೆಯಾದ ಬಾಣಂತಿಯ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21ನೇ ದಿನ ಹೋಗಲೇಬೇಕೆಂಬ ನಿಯಮ ಈಗಾಗಲೇ ಇದೆ. ಸಿಎಂವಿಯ ಗಡುವು ಆ ಭೇಟಿಗಳೊಳಗೇ ಬೀಳುತ್ತದೆ. ಕೋವಿಡ್ ಕಾಲದಲ್ಲಿ ಕಲಬುರಗಿಯ ಸರ್ಕಾರಿ ವೈದ್ಯಕೀಯ ಕಾಲೇಜು ಜಿಮ್ಸ್‌ಗೆ ಪಿಸಿಆರ್ ಪ್ರಯೋಗಾಲಯವೂ ಬಂತು. ಹುಟ್ಟುಕಿವುಡು 2013ರಿಂದಲೇ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿದೆ. ಕೊರತೆಯಿರುವುದು ಇವನ್ನು ಜೋಡಿಸುವ ಒಂದು ಆದೇಶ: ಕಿವಿಯ ತಪಾಸಣೆಯಲ್ಲಿ ಪಾಸಾಗದ ಪ್ರತಿ ಕೂಸಿನ ಮೂತ್ರ ಅದೇ ವಾರ ಪಿಸಿಆರ್‌ಗೆ ಹೋಗಬೇಕು. ಇಷ್ಟರಿಂದ ಎಲ್ಲ ಕೂಸುಗಳೂ ಸಿಗುವುದಿಲ್ಲ, ನಿಜ. ಹುಟ್ಟುವಾಗ ಕೇಳಿಸುತ್ತಿದ್ದು ಎರಡು-ಮೂರು ವರ್ಷಕ್ಕೆ ಕಿವಿ ಮಂದವಾಗುವ ಮಕ್ಕಳೂ ಇದ್ದಾರೆ. ಅದಕ್ಕಾಗಿಯೇ ಅಮೆರಿಕದ ಮಿನೆಸೋಟ ರಾಜ್ಯ 2023ರಿಂದ ಹುಟ್ಟಿದ ಎಲ್ಲ ಕೂಸುಗಳನ್ನೂ ಪರೀಕ್ಷಿಸುತ್ತಿದೆ.

ಜಿಲ್ಲಾ ಆರೋಗ್ಯ ಇಲಾಖೆ ಆ ಆದೇಶ ಹೊರಡಿಸಲಿ. ಅಲ್ಲಿಯವರೆಗೆ, ತಂದೆತಾಯಂದಿರೇ, ಡಿಸ್‌ಚಾರ್ಜ್ ಆಗುವ ಮುನ್ನ ಕೂಸಿನ ಕಿವಿ ತಪಾಸಣೆ ಕೇಳಿ ಮಾಡಿಸಿ; ಅದರಲ್ಲಿ ಪಾಸಾಗದಿದ್ದರೆ 21 ದಿನ ಮುಗಿಯುವುದರೊಳಗೆ ಸಿಎಂವಿ ಮೂತ್ರಪರೀಕ್ಷೆ ಬರೆದುಕೊಡಿ ಎಂದು ಮಕ್ಕಳ ವೈದ್ಯರನ್ನು ನೀವೇ ಕೇಳಿ.