ಕೊನೆಯ ಸಾಲಿನ ಮೇಲೆ ಹೊರಿಸುವ ಅಪವಾದ

ಲಿನಕ್ಸ್ ಸರ್ವರ್ ತಾನಾಗಿಯೇ ರೀಬೂಟ್ ಆದರೆ ನಮ್ಮಲ್ಲಿ ನಡೆಯುವ ತನಿಖೆ ಹೆಚ್ಚುಕಡಿಮೆ ಒಂದೇ ಬಗೆಯದು. ನವಿ ಮುಂಬಯಿಯ ಮಹಾಪೆ, ಐರೋಲಿಯ ದೊಡ್ಡ ಡೇಟಾ ಸೆಂಟರ್ ಇರಲಿ, ಕಲ್ಯಾಣ ಸ್ಟೇಷನ್ ಪಕ್ಕದ ಪುಟ್ಟ ಆಫೀಸಿರಲಿ, ಲಾಗ್ ತೆರೆಯುತ್ತಾರೆ, ಯಂತ್ರ ಬೀಳುವ ಮುಂಚಿನ ಕೊನೆಯ ಸಾಲು ಹುಡುಕುತ್ತಾರೆ, ಅಲ್ಲಿ ಹೆಸರು ಕಂಡ ಪ್ರೋಗ್ರಾಂನ ತಲೆಗೆ ತಪ್ಪು ಕಟ್ಟಿ ಟಿಕೆಟ್ ಮುಚ್ಚುತ್ತಾರೆ. ಗಿರಾಕಿಯ ಫೋನು ಹೊಡೆದುಕೊಳ್ಳುತ್ತಿರುವಾಗ ಹೀಗೆ ಮಾಡುವವರ ಅವಸರ ನನಗೆ ಅರ್ಥವಾಗುತ್ತದೆ. ಆದರೂ ಈ ಪದ್ಧತಿಯನ್ನು ಒಪ್ಪಲಾರೆ.

ಕರೆಂಟು ಹೋದ ಯಂತ್ರ ತನ್ನ ಸಾವನ್ನು ಬರೆದಿಡಲಾರದು. ಕೊನೆಯ ಕ್ಷಣಗಳ ದಾಖಲೆ ಮೆಮೊರಿಯಲ್ಲೇ ಉಳಿದು, ಡಿಸ್ಕಿಗೆ ಇಳಿಯುವ ಮುನ್ನವೇ ಅಳಿಸಿಹೋಗಿರಬಹುದು. ನಮಗೆ ಸಿಕ್ಕ ಸಾಲು ಆ ಹೊತ್ತಿಗೆ ಅಲ್ಲಿದ್ದ ಯಾವುದೋ ನಿರಪರಾಧಿಯದು.

ಮೊದಲು ತಿಳಿಯಬೇಕಾದದ್ದು ಯಂತ್ರ ಕ್ರಮವಾಗಿ ನಿಂತಿತೇ, ಥಟ್ಟನೆ ಬಿತ್ತೇ ಎಂಬುದು. ‘ಲಾಸ್ಟ್ -ಎಕ್ಸ್’ ಕಮಾಂಡ್ ಕೊಟ್ಟು ನೋಡಿದರೆ ಸಾಕು. ರೀಬೂಟ್‌ಗೆ ಮುಂಚೆ ಶಟ್‌ಡೌನ್ ದಾಖಲೆಯಿದ್ದರೆ ಯಾರೋ ಒಬ್ಬರು, ಇಲ್ಲವೇ ತಾನಾಗಿ ಅಪ್‌ಡೇಟ್ ಹಾಕುವ ಪ್ರೋಗ್ರಾಂ, ಆಜ್ಞೆ ಕೊಟ್ಟಿದೆ ಎಂದರ್ಥ. ದಾಖಲೆ ಇಲ್ಲದಿದ್ದರೆ ಪವರ್ ಸಪ್ಲೈ, ಬಿಸಿ, ಮೆಮೊರಿ, ಸ್ಪಂದಿಸದ ಯಂತ್ರವನ್ನು ರೀಬೂಟ್ ಮಾಡುವ ವಾಚ್‌ಡಾಗ್ ಕಡೆ ತಿರುಗಬೇಕು. ಕರ್ನಲ್ ಪ್ಯಾನಿಕ್ ಎಂದು ಬಾಯಿಗೆ ಬಂದಂತೆ ಹೇಳುವವರು ‘ಕರ್ನಲ್.ಪ್ಯಾನಿಕ್’ ಸೆಟ್ಟಿಂಗ್‌ನ ಮೌಲ್ಯವನ್ನು ನೋಡಿರುವುದೇ ಅಪರೂಪ. ಅದು 0 ಇದ್ದರೆ ಪ್ಯಾನಿಕ್ ಆದ ಯಂತ್ರ ಅಲ್ಲೇ ಸ್ತಬ್ಧವಾಗಿ ನಿಲ್ಲುತ್ತದೆ, ತಾನಾಗಿ ಮತ್ತೆ ಏಳುವುದಿಲ್ಲ.

ಮುಂಬಯಿ ಸುತ್ತಿನ ಈ ಭಾಗದಲ್ಲಿ ಕರೆಂಟನ್ನು ಕೊನೆಗೆ ಶಂಕಿಸುವುದಂತೂ ವಿಚಿತ್ರ. 2020ರ ಅಕ್ಟೋಬರ್ 12ರ ಬೆಳಿಗ್ಗೆ, ಕಳವಾ–ಪಡಘಾ ನಡುವಿನ 400 ಕಿಲೋವೋಲ್ಟ್ ಮಾರ್ಗಗಳಲ್ಲಿ ಶುರುವಾದ ತೊಂದರೆ ಮುಂಬಯಿ, ಠಾಣೆ, ನವಿ ಮುಂಬಯಿಯನ್ನು ಕತ್ತಲಿಗೆ ತಳ್ಳಿತು, ಲೋಕಲ್ ರೈಲುಗಳು ನಿಂತವು. ಅಂಥ ದಿನ ಕಾರಣ ಎಲ್ಲರಿಗೂ ಗೊತ್ತು. ಗೊತ್ತಾಗದೆ ಹೋಗುವುದು ಕ್ಷಣದ ಕಡಿತ. ಕಂಪ್ಯೂಟರಿನ ಸಾಮಾನ್ಯ ಪವರ್ ಸಪ್ಲೈ ಪೂರ್ಣ ಲೋಡಿನಲ್ಲಿ ಹದಿನಾರು ಮಿಲಿಸೆಕೆಂಡಿನಷ್ಟು ಮಾತ್ರ ಉಸಿರು ಹಿಡಿಯಬಲ್ಲದು. ಕೆಪಾಸಿಟರ್ ಹಳತಾಗಿದ್ದರೆ ಅದೂ ಇಲ್ಲ. ಮನೆಬಳಕೆಯ ಇನ್ವರ್ಟರ್ ಬದಲಾಗಲು ಅದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡರೆ ಫ್ಯಾನು ತಿರುಗುತ್ತಲೇ ಇರುತ್ತದೆ, ಸರ್ವರ್ ಮಾತ್ರ ಬಿದ್ದು ಏಳುತ್ತದೆ. ಆಮೇಲೆ ಡೇಟಾಬೇಸ್‌ಗೆ ಬೈಗುಳ!

ಸರ್ವರ್ ಬೋರ್ಡಿನ ಮೇಲಿರುವ ಬಿಎಂಸಿ ಚಿಪ್ಪು ಆಪರೇಟಿಂಗ್ ಸಿಸ್ಟಂನ ಹಂಗಿಲ್ಲದೆ ವೋಲ್ಟೇಜ್, ಬಿಸಿ, ಮೆಮೊರಿ ದೋಷಗಳನ್ನು ತನ್ನದೇ ದಾಖಲೆಯಲ್ಲಿ ಬರೆಯುತ್ತಿರುತ್ತದೆ. ‘ಐಪಿಎಂಐಟೂಲ್’ನಿಂದ ಅದನ್ನು ಓದಬಹುದು. ಇಷ್ಟು ನಂಬಿಕಸ್ಥ ಸಾಕ್ಷಿಯನ್ನು ಕಟ್ಟಕಡೆಗೆ ಕರೆಯುವುದು ಈ ಪದ್ಧತಿಯ ದೊಡ್ಡ ದೋಷ. ಅದೇ ರ‍್ಯಾಕಿನ ಪಕ್ಕದ ಯಂತ್ರ ಅದೇ ಕ್ಷಣ ಬಿದ್ದಿತೇ ಎಂದು ಕೇಳುವವರೂ ಕಡಿಮೆ.

ಮುಂಚೆಯೇ ಮಾಡಿಟ್ಟುಕೊಳ್ಳಬೇಕಾದ ಕೆಲಸವೂ ಇದೆ. ಕರ್ನಲ್ ಬಿದ್ದಾಗ ಮೆಮೊರಿಯ ನಕಲು ಉಳಿಸುವ ‘ಕೆಡಂಪ್’ ಹಚ್ಚಿರಬೇಕು, ಸಿಸ್ಟಂ ಲಾಗ್‌ನ ಜರ್ನಲ್ ಡಿಸ್ಕಿನಲ್ಲಿ ಉಳಿಯುವಂತಿರಬೇಕು, ಲಾಗ್‌ನ ಪ್ರತಿ ಬೇರೊಂದು ಯಂತ್ರಕ್ಕೆ ಹೋಗುತ್ತಿರಬೇಕು. ಇವ್ಯಾವೂ ಇಲ್ಲದೆ, ಬಿಎಂಸಿಯೂ ಮೌನವಾಗಿದ್ದರೆ, ಟಿಕೆಟ್ಟಿನಲ್ಲಿ ‘ಕಾರಣ ತಿಳಿದಿಲ್ಲ, ಇವನ್ನು ಪರೀಕ್ಷಿಸಿದೆವು’ ಎಂದು ಬರೆದು ತೆರೆದೇ ಇಡುವ ಅಡ್ಮಿನ್ ಸರಿಯಾದ ಕೆಲಸವನ್ನೇ ಮಾಡಿದ್ದಾನೆ.